ಹಾಲ್ ಹತ್ತಿರ ಒಂದು ಚಿಕ್ಕ ಟಾಯ್ಲೆಟ್: ಮೆಟ್ಟಿಲ ಕೆಳಗೋ, ಪ್ಯಾಸೇಜಲ್ಲೋ, ಸಿಟ್‌ಔಟಲ್ಲೋ?

ದೊಡ್ಡಮ್ಮ ನಮ್ಮನೆಗೆ ಬಂದಾಗಲೆಲ್ಲ ಕಾಫಿ ಬೇಡ ಅನ್ನುತ್ತಿದ್ದರು. "ಈಗ ತಾನೆ ಕುಡ್ಕೊಂಡು ಬಂದೆ ಕಣಪ್ಪ" ಅಂತ ಲೋಟ ಪಕ್ಕಕ್ಕೆ ಸರಿಸುತ್ತಿದ್ದರು. ನಾನೂ ನಂಬಿದ್ದೆ. ಒಂದು ಸಲ ಅಮ್ಮನ ಹತ್ತಿರ ಮೆಲ್ಲಗೆ ಹೇಳಿದರಂತೆ: ಕಾಫಿ ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕಾಗುತ್ತೆ. ನಿಮ್ಮನೇಲಿ ಅದಕ್ಕೆ ಮಗ ಸೊಸೆ ರೂಮಿನೊಳಗೆ ಹೋಗಬೇಕು, ಇಲ್ಲ ಹಿತ್ತಲಿಗೆ ಮೆಟ್ಟಿಲಿಳಿದು ಪಾಚಿ ಕಲ್ಲಿನ ಮೇಲೆ ನಡೀಬೇಕು. ಒಂದಕ್ಕೆ ಸಂಕೋಚ, ಇನ್ನೊಂದಕ್ಕೆ ಮಂಡಿ ಬಿಡಲ್ಲ.

ಆ ಮಾತು ನನಗೆ ತುಂಬಾ ನಾಟಿತು. ತುಮಕೂರಿನ ಮನೆ ಅಂದರೆ ದಾರಿಯ ಮೇಲಿನ ಮನೆ. ಸಿದ್ಧಗಂಗೆಗೆ ಬಂದವರು, ಗೊರವನಹಳ್ಳಿ ಲಕ್ಷ್ಮಿ ದರ್ಶನ ಮುಗಿಸಿ ವಾಪಸ್ ಹೊರಟವರು, ಶಿರಾ ಕಡೆಯಿಂದ ಬೆಂಗಳೂರಿಗೆ ಹೋಗುವವರು, ಎಲ್ಲರೂ ಅರ್ಧ ಗಂಟೆ ಕೂತು ಹೋಗುತ್ತಾರೆ. ಅವರಲ್ಲಿ ಎಷ್ಟು ಹೆಂಗಸರು, ಎಷ್ಟು ವಯಸ್ಸಾದವರು ಸುಮ್ನೆ ತಡೆದುಕೊಂಡು ಎದ್ದು ಹೋಗಿದ್ದಾರೋ! ಮನೆ ರಿಪೇರಿಗೆ ಕೈ ಹಾಕಿದಾಗ ಮಾಡ್ಯುಲರ್ ಕಿಚನ್‌ಗಿಂತ ಮೊದಲು ಈ ಚಿಕ್ಕ ಟಾಯ್ಲೆಟ್ ಆಗಲಿ ಅಂತ ತೀರ್ಮಾನ ಮಾಡಿದೆವು. ಬೆಂಗಳೂರಿನ ಆರ್ಕಿಟೆಕ್ಟ್‌ಗಳು ಇದಕ್ಕೆ ಪೌಡರ್ ರೂಮ್ ಅನ್ನುತ್ತಾರೆ, ನಮ್ಮ ಕಡೆ ಗೆಸ್ಟ್ ಟಾಯ್ಲೆಟ್. ಒಂದು ಕಮೋಡ್, ಒಂದು ಚಿಕ್ಕ ವಾಷ್‌ಬೇಸಿನ್, ಅಷ್ಟೆ. ಸ್ನಾನ ಇಲ್ಲ. ಮೂರು ಅಡಿ ಅಗಲ, ಐದು ಅಡಿ ಉದ್ದ ಸಿಕ್ಕರೆ ಸಾಕು.

ಜಾಗ ಚಿಕ್ಕದು ಅಂತ ಎಲ್ಲಿ ಬೇಕಾದರೂ ಕೂರಿಸಬಹುದು ಅಂದುಕೊಂಡಿದ್ದೆವು. ಹಾಗಲ್ಲ ಅಂತ ಕೆಲಸಕ್ಕೆ ಇಳಿದ ಮೇಲೆ ಗೊತ್ತಾಯಿತು. ನಮ್ಮ ಹಾಗೆ 30×40 ಸೈಟಿನ ಹಳೇ ಮನೆ ಇರುವವರಿಗೆ ಉಪಯೋಗ ಆಗಲಿ ಅಂತ, ನಾವು ತೂಗಿ ನೋಡಿದ ಜಾಗಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲು ಚೇಂಬರ್ ಮುಚ್ಚಳ ತೆಗೆಸಿ

ಹೆಚ್ಚಿನವರು ಮನೆಯೊಳಗೆ ನಿಂತು "ಇಲ್ಲಿ ಮಾಡಿದರೆ ಚೆನ್ನಾಗಿರುತ್ತೆ" ಅಂತ ಕೈ ತೋರಿಸುತ್ತಾರೆ. ನೋಡಬೇಕಾದ್ದು ಮನೆಯ ಹೊರಗೆ. ನಿಮ್ಮ ಮನೆಯ ಕೊಳಚೆ ಯಾವ ದಿಕ್ಕಿಗೆ ಹೋಗುತ್ತಿದೆ? ಹೆಚ್ಚು ಕಡೆ ಯುಜಿಡಿ ಲೈನ್, ಅಂದರೆ ನೆಲದಡಿಯ ಒಳಚರಂಡಿ, ಮನೆ ಮುಂದಿನ ರಸ್ತೆಯಲ್ಲಿರುತ್ತೆ. ಕೆಲವು ಹಳೇ ಬಡಾವಣೆಗಳಲ್ಲಿ ಅದು ಹಿಂದಿನ ಗಲ್ಲಿಯಲ್ಲಿರುತ್ತೆ. ಊರ ಅಂಚಿನ ಹೊಸ ಲೇಔಟುಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಮೇಲೇ ನಡೆಯುವ ಮನೆಗಳೂ ಇವೆ. ಲೈನ್ ಮುಂದಿದ್ದರೆ ಒಂದು ಉತ್ತರ, ಹಿಂದಿದ್ದರೆ ಇನ್ನೊಂದು ಉತ್ತರ. ಅರ್ಧ ತೀರ್ಮಾನ ಇಲ್ಲೇ ಆಗಿಬಿಡುತ್ತೆ.

ಯಾವ ಪೈಪು ಎಲ್ಲಿ ಸೇರುತ್ತೆ ಅಂತ ಗೊತ್ತಿಲ್ಲದಿದ್ದರೆ, ಒಬ್ಬರು ಬಾತ್‌ರೂಮಿನಲ್ಲಿ ಒಂದು ಬಕೆಟ್ ನೀರಿಗೆ ಅರಿಶಿನ ಕಲಸಿ ಸುರಿಯಲಿ, ಇನ್ನೊಬ್ಬರು ಚೇಂಬರ್ (ಕೊಳಚೆ ಪೈಪುಗಳು ಬಂದು ಸೇರುವ, ಮುಚ್ಚಳ ಇರುವ ಗುಂಡಿ) ಹತ್ತಿರ ನಿಂತು ನೋಡಲಿ. ನಮ್ಮ ಮನೆಯಲ್ಲಿ ಹೀಗೆ ಮಾಡಿದಾಗ ಅಟ್ಯಾಚ್ಡ್ ಬಾತ್‌ರೂಮಿನ ನೀರು ನಾವು ಅಂದುಕೊಂಡ ಚೇಂಬರಿಗೆ ಬರಲೇ ಇಲ್ಲ. ಹಿತ್ತಲ ಮೂಲೆಯಲ್ಲಿ ತುಳಸಿ ಕುಂಡ ಇಟ್ಟಿದ್ದ ಚಪ್ಪಡಿ ಕೆಳಗೆ ಇನ್ನೊಂದು ಚೇಂಬರ್ ಇತ್ತು. ಹಳದಿ ನೀರು ಅಲ್ಲಿಂದ ಬಂತು.

ಆಮೇಲೆ ಆಳ. ಟಾಯ್ಲೆಟ್‌ನಿಂದ ಹೊರಡುವುದು 110 ಎಂಎಂ ಪೈಪು, ಮಾತಿನಲ್ಲಿ ನಾಲ್ಕಿಂಚು ಪೈಪು. ಅದಕ್ಕೆ ಇಳಿಜಾರು ಬೇಕು. 40 ಅಡಿಗೆ ಒಂದು ಅಡಿ ಇಳಿದರೆ ಒಳ್ಳೆಯದು, 60 ಅಡಿಗೆ ಒಂದು ಅಡಿಗಿಂತ ಕಮ್ಮಿ ಆಗಬಾರದು. ಅಂದರೆ ಹತ್ತು ಅಡಿ ದೂರಕ್ಕೆ ಮೂರಿಂಚು, ತೀರಾ ಕಮ್ಮಿ ಅಂದರೆ ಎರಡಿಂಚು. ಇದಲ್ಲದೆ ಕಮೋಡ್ ಕೆಳಗಿನ ಬೆಂಡ್‌ಗೇ ನಮ್ಮಲ್ಲಿ ಎಂಟಿಂಚು ಹೋಗುತ್ತಿತ್ತು. ಮೇಸ್ತ್ರಿ ಲೆವೆಲ್ ಪೈಪಿನಲ್ಲಿ ನೀರು ತುಂಬಿ, ಹಾಲ್ ನೆಲದ ಮಟ್ಟವನ್ನು ಹಿತ್ತಲ ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಮಾಡಿದರು. ಅಲ್ಲಿಂದ ಚೇಂಬರ್ ಒಳಗಿನ ಪೈಪಿನ ತಳಕ್ಕೆ 16 ಇಂಚು ಬಂತು. ನಮ್ಮದು ತಗ್ಗು ಪಾಯದ ಮನೆ, ಅದಕ್ಕೇ ಇಷ್ಟು ಕಮ್ಮಿ.

ಈಗ ಲೆಕ್ಕ ನೋಡಿ. ಮುಂದುಗಡೆ ಇರುವ ಮೆಟ್ಟಿಲಿನಿಂದ ಆ ಚೇಂಬರಿಗೆ 45 ಅಡಿ. ಒಳ್ಳೆಯ ಇಳಿಜಾರು ಕೊಟ್ಟರೆ ಹದಿಮೂರೂವರೆ ಇಂಚು, ಬೆಂಡಿನ ಎಂಟಿಂಚು ಸೇರಿ ಇಪ್ಪತ್ತೊಂದೂವರೆ. ಇರುವುದು 16. ಕಮ್ಮಿ ಇಳಿಜಾರಿನಲ್ಲೂ 17 ಬೇಕು. ಹಾಗಾಗಿ ಅಲ್ಲಿ ಮಾಡಬೇಕಾದರೆ ಟಾಯ್ಲೆಟ್ ನೆಲವನ್ನೇ ಎತ್ತರಿಸಬೇಕು, ಬಾಗಿಲಿಗೆ ಒಂದು ಮೆಟ್ಟಿಲು ಬರುತ್ತೆ. ಹಿತ್ತಲ ಮೆಟ್ಟಿಲು ಇಳಿಯಲಾಗದ ದೊಡ್ಡಮ್ಮನಿಗೆ ಹಾಲಿನಲ್ಲೇ ಒಂದು ಮೆಟ್ಟಿಲು ಕಟ್ಟಿಕೊಟ್ಟ ಹಾಗಾಗುತ್ತೆ, ಅಲ್ವಾ? ಪ್ಯಾಸೇಜಿನಿಂದ ಅದೇ ಚೇಂಬರಿಗೆ 12 ಅಡಿ. ಮೂರೂವರೆ ಇಂಚು ಚಿಲ್ಲರೆ, ಎಂಟು ಸೇರಿ ಹನ್ನೆರಡರೊಳಗೆ. ಆರಾಮಾಗಿ ಆಗುತ್ತೆ.

ಕೆಲಸದವರು "ಅದೆಲ್ಲ ಆಗುತ್ತೆ ಸಾರ್, ನೋಡ್ಕೊಳ್ತೀವಿ" ಅಂದರೆ ಒಪ್ಪಬೇಡಿ. ಇಳಿಜಾರು ಸಾಲದೆ ಹಾಕಿದ ಪೈಪು ಟೈಲ್ಸ್ ಕೆಳಗೆ ಹೋದ ಮೇಲೆ ಸರಿಮಾಡಲು ಮತ್ತೆ ನೆಲ ಒಡೆಯಬೇಕು. ಟೇಪ್ ಹಿಡಿದು ನೀವೇ ಅಳೆಯಿರಿ.

ಮೆಟ್ಟಿಲ ಕೆಳಗೆ

ಎಲ್ಲರಿಗೂ ಮೊದಲು ಹೊಳೆಯುವ ಜಾಗ ಇದೇ. ಹೇಗೂ ಖಾಲಿ ಬಿದ್ದಿದೆ, ಚಪ್ಪಲಿ ಸ್ಟ್ಯಾಂಡು, ಯುಪಿಎಸ್ ಬ್ಯಾಟರಿ, ಹಳೇ ಪೇಪರ್ ಕಟ್ಟು ಇಟ್ಟಿರುತ್ತೇವೆ. ಹಾಲಿಗೆ ಹತ್ತಿರ. ಬೇರೆ ರೂಮಿನ ಜಾಗ ಕಳೆದುಕೊಳ್ಳಬೇಕಿಲ್ಲ. ಇವೆಲ್ಲ ನಿಜವಾದ ಅನುಕೂಲಗಳೇ.

ಆದರೆ ತಲೆಯ ಎತ್ತರ ನೋಡಿಕೊಳ್ಳಿ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಅರ್ಧ ಹತ್ತಿ, ತಿರುಗಿ, ಇನ್ನರ್ಧ ಹತ್ತುವ ಮೆಟ್ಟಿಲು. ಮಹಡಿ ಹತ್ತು ಅಡಿ ಎತ್ತರದಲ್ಲಿದ್ದರೆ ನಡುವಿನ ಲ್ಯಾಂಡಿಂಗ್ ಐದು ಅಡಿಗೆ ಬರುತ್ತೆ. ಸ್ಲ್ಯಾಬ್ ದಪ್ಪ ಕಳೆದರೆ ಅದರ ಕೆಳಗೆ ಉಳಿಯುವುದು ನಾಲ್ಕೂವರೆ ಅಡಿ. ಅಲ್ಲಿ ದೊಡ್ಡವರು ನಿಲ್ಲಲಾಗಲ್ಲ. ಆಗುವುದಾದರೆ ಎರಡನೇ ಸಾಲಿನ ಕೆಳಗೆ, ಅದು ಮೇಲೇರುತ್ತಾ ಹೋಗುವ ಕಡೆ.

ಅಲ್ಲಿಯೂ ಕಮೋಡ್ ಯಾವ ಕಡೆಗೆ ಮುಖ ಮಾಡಿದೆ ಅನ್ನುವುದು ಮುಖ್ಯ. ಕೂತಾಗ ಎತ್ತರ ಬೇಕಿಲ್ಲ. ಏಳುವಾಗ ಮನುಷ್ಯ ಮುಂದಕ್ಕೆ ಬಾಗಿ ಏಳುತ್ತಾನೆ, ಆಗ ತಲೆ ಮುಂದೆ ಹೋಗುತ್ತೆ. ಅದಕ್ಕೆ ಫ್ಲಶ್ ಟ್ಯಾಂಕ್ ತಗ್ಗಿನ ಕಡೆಗಿರಲಿ, ಮುಖ ಎತ್ತರದ ಕಡೆಗಿರಲಿ. ಮೆಟ್ಟಿಲು ಆರೂವರೆ ಇಂಚು ಎತ್ತರ, ಹತ್ತಿಂಚು ಅಗಲ ಇದ್ದರೆ, ಹಿಂದಿನ ಗೋಡೆ ಹತ್ತಿರ ಐದು ಅಡಿ ಇರುವ ಸೂರು ಎರಡೂವರೆ ಅಡಿ ಮುಂದೆ ಬಂದಾಗ ಆರೂವರೆ ಅಡಿ ದಾಟುತ್ತೆ. ಅಷ್ಟಿದ್ದರೆ ಸಾಕು. ನಮ್ಮ ನೆಂಟರ ಮನೆಯೊಂದರಲ್ಲಿ ಇದನ್ನು ಉಲ್ಟಾ ಮಾಡಿದ್ದಾರೆ. ಏಳುವಾಗ ತಲೆ ತಾಗುವ ಕಡೆ ಸೂರಿಗೆ ದಪ್ಪ ಸ್ಪಂಜು ಅಂಟಿಸಿದ್ದಾರೆ, ಅದರ ಮೇಲೆ ಎಣ್ಣೆಯ ಕಲೆ ಆಗಿದೆ.

ಇನ್ನೊಂದು ತೊಂದರೆ ಬಾಗಿಲು. ಮೆಟ್ಟಿಲು ಹಾಲಿನೊಳಗಿದ್ದರೆ ಟಾಯ್ಲೆಟ್ ಬಾಗಿಲು ಸೋಫಾದ ಎದುರೇ ತೆರೆಯುತ್ತೆ. ಒಳಗಿನ ಸದ್ದೆಲ್ಲ ಹೊರಗೆ ಕೇಳುತ್ತೆ. ನಾಲ್ಕು ಜನ ಕೂತು ಮಾತಾಡುವಾಗ ಎದ್ದು ಆ ಬಾಗಿಲು ತೆಗೆಯಲು ಹೆಂಗಸರಿಗೆ ಮುಜುಗರ ಆಗುತ್ತೆ. ಟಾಯ್ಲೆಟ್ ಕಟ್ಟಿಸಿಯೂ ದೊಡ್ಡಮ್ಮ ಕಾಫಿ ಬೇಡ ಅನ್ನುವ ಹಾಗಾದರೆ ಏನು ಬಂತು? ಬಾಗಿಲನ್ನು ಪಕ್ಕದ ಗೋಡೆಗೆ ತಿರುಗಿಸಲು ಆಗುವಂತಿದ್ದರೆ ಮಾತ್ರ ಈ ಜಾಗಕ್ಕೆ ಹೂಂ ಅನ್ನಿ.

ಮೆಟ್ಟಿಲು ಹೊರಗೋಡೆಗೆ ಅಂಟಿಕೊಂಡಿದ್ದು, ಯುಜಿಡಿ ಮುಂದಿನ ರಸ್ತೆಯಲ್ಲಿದ್ದರೆ ಈ ಜಾಗದ ಬೆಲೆ ಜಾಸ್ತಿ ಆಗುತ್ತೆ. ಆಗ ಪಿ-ಟ್ರ್ಯಾಪ್ ಕಮೋಡ್ ತರಬಹುದು. ಅದರ ಬಾಯಿ ನೆಲಕ್ಕೆ ಇಳಿಯಲ್ಲ, ನೆಲದಿಂದ ಸುಮಾರು ಏಳಿಂಚು ಮೇಲೆ ಗೋಡೆಯೊಳಗೆ ಹೋಗುತ್ತೆ. ಗೋಡೆಗೆ ತೂತು ಕೊರೆದು ಪೈಪನ್ನು ನೇರ ಹೊರಗೆ ಬಿಡಬಹುದು. ಹಾಲಿನ ನೆಲ ಅಗೆಯಬೇಕಿಲ್ಲ. ನೆಲಕ್ಕೆ ಇಳಿಯುವುದು ಎಸ್-ಟ್ರ್ಯಾಪ್. ಅಂಗಡಿಯಲ್ಲಿ ಬಣ್ಣ, ಆಕಾರ ನೋಡುವ ಮೊದಲು ಈ ಎರಡರಲ್ಲಿ ಯಾವುದು ಬೇಕು ಅಂತ ಗೊತ್ತಿರಲಿ.

ಇರುವ ಬಾತ್‌ರೂಮಿಗೆ ಬೆನ್ನು ಕೊಟ್ಟು

ನಾವು ಕೊನೆಗೆ ಆರಿಸಿಕೊಂಡದ್ದು ಇದು. ಹಾಲ್ ಮತ್ತು ಡೈನಿಂಗ್ ನಡುವಿನಿಂದ ಬೆಡ್‌ರೂಮ್ ಕಡೆ ಹೋಗುವ ಪ್ಯಾಸೇಜ್ ಇರುತ್ತೆ. ಅಲ್ಲಿ ಹಳೇ ಮನೆಗಳಲ್ಲಿ ಒಂದು ಸ್ಟೋರು, ಇಲ್ಲ ಗೋಡೆಯೊಳಗಿನ ದೊಡ್ಡ ಬೀರು ಇರುತ್ತೆ. ನಮ್ಮಲ್ಲಿ ಅದರಲ್ಲಿ ರಾಗಿ ಡ್ರಮ್ಮು, ಹಾಸಿಗೆ ಸುರುಳಿ ಇದ್ದವು. ಅದರ ಹಿಂದಿನ ಗೋಡೆಯ ಆಚೆ ಅಟ್ಯಾಚ್ಡ್ ಬಾತ್‌ರೂಮ್. ನೀರಿನ ಪೈಪು ಅಲ್ಲೇ, ಕೊಳಚೆ ಪೈಪು ಅಲ್ಲೇ, ಗಾಳಿ ಹೋಗುವ ವೆಂಟ್ ಪೈಪೂ ಅಲ್ಲೇ. ಗೋಡೆ ದಾಟಿಸಿದರೆ ಆಯಿತು.

ನನಗೆ ಇದು ಹಿಡಿಸಿದ್ದು ಬರೀ ಖರ್ಚು ಕಮ್ಮಿ ಅಂತಲ್ಲ. ಹಾಲಿನಲ್ಲಿ ಕೂತವರಿಗೆ ಬಾಗಿಲು ಕಾಣಲ್ಲ, ಸದ್ದು ಕೇಳಲ್ಲ. ಆದರೂ ಎದ್ದರೆ ಹತ್ತು ಹೆಜ್ಜೆ. ಯಾರ ರೂಮೂ ದಾಟಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ರಾತ್ರಿ ಅಮ್ಮನಿಗೂ ಅದೇ ಹತ್ತಿರ.

ಕಷ್ಟ ಏನೂ ಇಲ್ಲ ಅನ್ನಲ್ಲ. ಪೈಪು ಸೇರಿಸಲು ಬಾತ್‌ರೂಮಿನ ನೆಲ ಒಡೆಯಬೇಕು. ನಮ್ಮದಕ್ಕೆ ಹೇಗೂ ಟೈಲ್ಸ್ ಬದಲಾಯಿಸಬೇಕಿತ್ತು, ಸರಿಹೋಯಿತು. ಹೊಸ ಬಾತ್‌ರೂಮ್ ಮಾಡಿಸಿ ಎರಡು ವರ್ಷವೂ ಆಗಿಲ್ಲದಿದ್ದರೆ ಈ ಜಾಗ ದುಬಾರಿ ಬೀಳುತ್ತೆ. ಇನ್ನೊಂದು, ಗೋಡೆ. ಹಳೇ ಮನೆಗಳ 9 ಇಂಚಿನ ಇಟ್ಟಿಗೆ ಗೋಡೆ ಸೂರಿನ ಭಾರ ಹೊತ್ತಿರುತ್ತೆ. ಪೈಪು ದಾಟಿಸಲು ತೂತು ಕೊರೆಯಬಹುದು, ಅಡ್ಡಕ್ಕೆ ಉದ್ದವಾಗಿ ಸೀಳಲು ಬಿಡಬೇಡಿ.

ದೊಡ್ಡ ಕೊರತೆ ಗಾಳಿ. ಮನೆಯ ನಡುವಿನ ಜಾಗಕ್ಕೆ ಕಿಟಕಿ ಇರಲ್ಲ. ನಾವು ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿ, ಅದರ ಪೈಪನ್ನು ಬಾತ್‌ರೂಮಿನ ಸೂರಿನ ಕೆಳಗೆ ಎಳೆದು ಹೊರಗೋಡೆಯಿಂದ ಆಚೆ ಬಿಟ್ಟೆವು. ಲೈಟ್ ಸ್ವಿಚ್ಚಿಗೇ ಫ್ಯಾನ್ ಸೇರಿಸಿದ್ದೇವೆ, ಯುಪಿಎಸ್ ಲೈನಿಗೆ ಹಾಕಿದ್ದೇವೆ. ಬಾಗಿಲ ಕೆಳಗೆ ಅರ್ಧ ಇಂಚು ಸಂದಿ ಬಿಟ್ಟಿದ್ದೇವೆ. ಇಲ್ಲದಿದ್ದರೆ ಫ್ಯಾನ್ ತಿರುಗಿದರೂ ಒಳಗೆ ಹೊಸ ಗಾಳಿ ಬರಲು ದಾರಿ ಇರಲ್ಲ. ಫ್ಯಾನಿನ ಗಾಳಿಯನ್ನು ಬಾತ್‌ರೂಮಿನೊಳಗೇ ಬಿಟ್ಟು ಕೈ ತೊಳೆದುಕೊಳ್ಳುವ ಕೆಲಸದವರೂ ಇದ್ದಾರೆ, ಅದು ಬೇಡವೇ ಬೇಡ.

ಸಿಟ್‌ಔಟ್ ಮೂಲೆ

ಮುಂಬಾಗಿಲ ಪಕ್ಕ, ಪೋರ್ಟಿಕೋ ಕಡೆಯ ಸಿಟ್‌ಔಟಿನಲ್ಲಿ ಮೂರು ಅಡಿ ಮೂಲೆ ಸಿಗುವ ಮನೆಗಳಿವೆ. ಯುಜಿಡಿ ಮುಂದಿನ ರಸ್ತೆಯಲ್ಲಿದ್ದರೆ ಪೈಪಿನ ದೂರ ತೀರಾ ಕಮ್ಮಿ. ಹೊರಗೋಡೆ ಇರುವುದರಿಂದ ಕಿಟಕಿ, ಗಾಳಿ, ಬೆಳಕು ಎಲ್ಲ ಸಿಗುತ್ತೆ. ಡ್ರೈವರ್, ಕೆಲಸದವರು ಬಂದರೆ ಅವರಿಗೂ ಆಗುತ್ತೆ. ಇದು ನನಗೆ ಸಣ್ಣ ವಿಷಯ ಅನ್ನಿಸಲ್ಲ. ಮನೆಗೆ ಬಂದು ದಿನವಿಡೀ ದುಡಿಯುವ ಹೆಂಗಸರಿಗೆ ಟಾಯ್ಲೆಟ್ ಎಲ್ಲಿದೆ ಅಂತ ನಾವು ತೋರಿಸುವುದೇ ಇಲ್ಲ.

ಆದರೆ ಮುಂದೆ ಸಂಪ್ ಇರುತ್ತೆ. ತುಮಕೂರಿನಲ್ಲಿ ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರನ್ನು ಸಂಪಿನಲ್ಲಿ ತುಂಬಿಟ್ಟುಕೊಂಡು ಬಳಸುವ ಮನೆಗಳೇ ಹೆಚ್ಚು. ಆ ಸಂಪು ಇರುವುದು ಪೋರ್ಟಿಕೋ ಕೆಳಗೆ. ಕೊಳಚೆ ಪೈಪು, ಚೇಂಬರ್ ಸಂಪಿಗೆ ಅಂಟಿಕೊಂಡು ಹೋಗಬಾರದು. ಪೈಪಿನ ಕೀಲು ಬಿಟ್ಟು ಒಸರಿದರೆ ಅದು ಹೋಗಿ ಸೇರುವುದು ನೀವು ಬಳಸುವ ನೀರಿಗೆ. ಸಂಪು ಒಂದು ಕಡೆ, ಈ ಮೂಲೆ ಇನ್ನೊಂದು ಕಡೆ ಇದ್ದರೆ ಮಾತ್ರ ಯೋಚಿಸಿ.

ಮನೆಗೆ ಕಾಲಿಡುತ್ತಿದ್ದಂತೆ ಟಾಯ್ಲೆಟ್ ಬಾಗಿಲು ಕಾಣುವುದು ಎಷ್ಟೋ ಮನೆಗಳಲ್ಲಿ ಹಿರಿಯರು ಒಪ್ಪಲ್ಲ. ವಾಸ್ತು ನೋಡುವವರು ಈಶಾನ್ಯ ಮೂಲೆಗೆ, ದೇವರ ಮನೆ ಗೋಡೆಗೆ ತಾಗಿಸಿ ಟಾಯ್ಲೆಟ್ ಬೇಡ ಅನ್ನುತ್ತಾರೆ. ಮುಂದಿನ ಮೂಲೆ ಅನೇಕ ಮನೆಗಳಲ್ಲಿ ಈಶಾನ್ಯವೇ ಆಗಿರುತ್ತೆ. ನನ್ನ ಅಭಿಪ್ರಾಯ ಇಷ್ಟೆ: ಈ ಮಾತನ್ನು ಪೈಪು ಹಾಕುವ ಮೊದಲೇ ಮನೆಯವರೆಲ್ಲ ಕೂತು ಮುಗಿಸಿಕೊಳ್ಳಿ. ಅಮ್ಮನ ಮನಸ್ಸಿಗೆ ದಿನಾ ಚುಚ್ಚುವ ಜಾಗದಲ್ಲಿ ಎಷ್ಟು ಅನುಕೂಲ ಇದ್ದರೂ ಬೇಡ.

ಹಿತ್ತಲು, ಯುಟಿಲಿಟಿ, ಮತ್ತೆ ಸೆಟ್‌ಬ್ಯಾಕ್

ಹಿತ್ತಲ ಹಳೇ ಟಾಯ್ಲೆಟ್ಟನ್ನೇ ಚೆನ್ನಾಗಿ ಮಾಡಿಸಿ, ಸೂರು ಎಳೆದು ಮನೆಯೊಳಗೆ ಸೇರಿಸಿಕೊಂಡರೆ ಖರ್ಚು ಎಲ್ಲಕ್ಕಿಂತ ಕಮ್ಮಿ. ಪೈಪು, ಚೇಂಬರ್ ಇದ್ದೇ ಇದೆ. ಆದರೆ ಬಂದವರು ಅಡುಗೆಮನೆ ದಾಟಿ ಹೋಗಬೇಕು. ಒಲೆ ಮುಂದೆ ನಿಂತವರಿಗೂ ಇರಿಸುಮುರಿಸು, ಹೋಗುವವರಿಗೂ. ಮನೆಯವರಿಗೆ ಎರಡನೇ ಟಾಯ್ಲೆಟ್ ಬೇಕು ಅಂದರೆ ಇದು ಸರಿ, ಬಂದವರಿಗೆ ಅಂದರೆ ಅಲ್ಲ.

ಕಾಂಪೌಂಡಿಗೂ ಮನೆಗೂ ನಡುವೆ ಬಿಟ್ಟಿರುವ ಮೂರಡಿ ಓಣಿಯಲ್ಲಿ ಕಟ್ಟಿಬಿಡೋಣ ಅಂತ ಯಾರಾದರೂ ಹೇಳುತ್ತಾರೆ. ಅದು ಸೆಟ್‌ಬ್ಯಾಕ್, ಖಾಲಿ ಬಿಡಲೇಬೇಕಾದ ಜಾಗ. ಪಾಲಿಕೆಯಿಂದ ನೋಟಿಸ್ ಬರಬಹುದು, ಪಕ್ಕದ ಮನೆಯವರ ಕಿಟಕಿಗೆ ವಾಸನೆ ಹೋಗುತ್ತೆ, ನಿಮ್ಮ ಮನೆಯ ಗಾಳಿಯೂ ಕಟ್ಟಿಹೋಗುತ್ತೆ. ಬಿಡಿ. ಹಾಗೇ, ಯುಜಿಡಿ ಇಲ್ಲದ ಕಡೆ ಮಳೆನೀರಿನ ಚರಂಡಿಗೆ ಟಾಯ್ಲೆಟ್ ಪೈಪು ಬಿಡುವುದು ಎಂದಿಗೂ ಬೇಡ.

ಮಹಡಿ ಮೇಲೆ ಮಾಡುವವರಿಗೆ ಒಂದೇ ಮಾತು: ಹಳೇ ಸ್ಲ್ಯಾಬಿನಲ್ಲಿ ಟಾಯ್ಲೆಟ್ ಪೈಪು ಹಾಯಿಸಲು ತಗ್ಗು ಬಿಟ್ಟಿರಲ್ಲ. ಹೊರಗೋಡೆಗೆ ಅಂಟಿಸಿ ಪಿ-ಟ್ರ್ಯಾಪ್ ಹಾಕಿ, ಕೆಳಗೆ ಅಡುಗೆಮನೆ, ದೇವರ ಮನೆ ಇಲ್ಲದ ಕಡೆ.

ಯಾರಿಗೆ ಯಾವುದು

ಮನೆಯಲ್ಲಿ ವಯಸ್ಸಾದವರಿದ್ದರೆ, ಇಲ್ಲ ಬಂದು ಹೋಗುತ್ತಿದ್ದರೆ, ಮೆಟ್ಟಿಲಿಲ್ಲದೆ ನಡೆದು ಹೋಗುವ ಜಾಗವೇ ಸೈ. ಎರಡು ಜಾಗ ಸರಿಸಮ ಅನ್ನಿಸಿದಾಗ ಇದೊಂದರಿಂದ ತೀರ್ಮಾನ ಮಾಡಿ. ಲೈನ್ ಹಿಂದಿದ್ದು ಬಾತ್‌ರೂಮಿನ ಬೆನ್ನಿಗೆ ಜಾಗ ಇದ್ದರೆ ಪ್ಯಾಸೇಜು. ಲೈನ್ ಮುಂದಿದ್ದು ಮೆಟ್ಟಿಲು ಹೊರಗೋಡೆ ಪಕ್ಕ ಇದ್ದರೆ, ಬಾಗಿಲು ತಿರುಗಿಸಲಾಗುವಂತಿದ್ದರೆ, ಮೆಟ್ಟಿಲ ಕೆಳಗೆ. ಬಾಡಿಗೆಗೆ ಮಹಡಿ ಕೊಟ್ಟು, ಕೆಳಗೆ ಆಫೀಸು, ಟ್ಯೂಷನ್ ಅಂತ ಹೊರಗಿನವರು ಜಾಸ್ತಿ ಬರುವ ಮನೆಯಾದರೆ ಸಿಟ್‌ಔಟ್ ಮೂಲೆಯೇ ಒಳ್ಳೆಯದು, ಅವರು ಮನೆಯೊಳಗೆ ಬರಬೇಕಿಲ್ಲ.

ಇಂಡಿಯನ್ ಟಾಯ್ಲೆಟ್ಟೇ ಬೇಕು ಅನ್ನುವವರು ನೆನಪಿಡಿ, ಅದರ ಬೇಸಿನ್ನು, ಟ್ರ್ಯಾಪ್ ಸೇರಿ ನೆಲದೊಳಗೆ ಒಂದು ಅಡಿಗಿಂತ ಜಾಸ್ತಿ ಆಳ ಬೇಕು. ನಮ್ಮ ತರಹದ ತಗ್ಗು ಪಾಯದ ಮನೆಯಲ್ಲಿ ಕಮೋಡ್ ಬಿಟ್ಟರೆ ಬೇರೆ ದಾರಿ ಇರಲ್ಲ.

ಇಂಟರ್ನೆಟ್ಟಿನಲ್ಲಿ ಕಾಣುವ ಪೌಡರ್ ರೂಮುಗಳಲ್ಲಿ ನೆಲ ಒಣಗಿರುತ್ತೆ, ಕೆಲವದರಲ್ಲಿ ಮರದ ನೆಲ. ನಮ್ಮಲ್ಲಿ ಹೆಲ್ತ್ ಫಾಸೆಟ್ ಇರುತ್ತೆ, ನೀರು ನೆಲಕ್ಕೆ ಬೀಳುತ್ತೆ. ಅದಕ್ಕೆ ವಾಟರ್‌ಪ್ರೂಫಿಂಗ್, ಜಾರದ ಟೈಲ್ಸ್, ಮೂಲೆಯಲ್ಲಿ ನೆಲದ ಟ್ರ್ಯಾಪ್ ಬೇಕೇ ಬೇಕು. ಆ ಟ್ರ್ಯಾಪಿನಲ್ಲಿ ನಿಲ್ಲುವ ನೀರೇ ಚೇಂಬರಿನ ವಾಸನೆ ಮೇಲೆ ಬರದಂತೆ ತಡೆಯುವುದು. ಅಪರೂಪಕ್ಕೆ ಬಳಸುವ ಟಾಯ್ಲೆಟ್ಟಿನಲ್ಲಿ ಬೇಸಿಗೆಯಲ್ಲಿ ಅದು ಆರಿಹೋಗುತ್ತೆ. ವಾರಕ್ಕೊಂದು ಸಲ ಒಂದು ಚೊಂಬು ನೀರು ಹಾಕಿ. ಫ್ಲಶ್ 3 ಮತ್ತು 6 ಲೀಟರಿನ ಎರಡು ಬಟನ್‌ದಾಗಿರಲಿ. ಬೋರ್‌ವೆಲ್ ನೀರು ಗಡಸು, ಬಿಳಿ ಕಟ್ಟುತ್ತೆ, ಕಪ್ಪು ಬಣ್ಣದ ಬೇಸಿನ್ ತರಬೇಡಿ.

ಬಾಗಿಲು ಹೊರಕ್ಕೆ ತೆರೆಯಲಿ. ಮೂರಡಿ ಅಗಲದ ಜಾಗದಲ್ಲಿ ಯಾರಾದರೂ ಒಳಗೆ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲು ಅವರ ಮೈಗೇ ಅಡ್ಡ ಸಿಕ್ಕಿಕೊಳ್ಳುತ್ತೆ, ಹೊರಗಿನವರು ತಳ್ಳಲಾಗಲ್ಲ. ಹೊರಗಿನಿಂದಲೂ ಬಿಚ್ಚಲು ಬರುವ ಚಿಲಕ ಹಾಕಿಸಿ. ಬಾಗಿಲ ಅಗಲ ಎರಡೂವರೆ ಅಡಿ ಇದ್ದರೆ ವಾಕರ್ ಹಿಡಿದವರೂ ಹೋಗಬಹುದು.

ಕೊನೆಗೆ, ಗೋಡೆ ಏಳುವ ಮೊದಲು ಒಂದು ಸೀಮೆಸುಣ್ಣ ತಗೊಳ್ಳಿ. ನಾವು ಸ್ಟೋರು ಖಾಲಿ ಮಾಡಿ, ರೆಡ್ ಆಕ್ಸೈಡ್ ನೆಲದ ಮೇಲೆ ಮೂರಕ್ಕೆ ಐದು ಅಡಿ ಗೆರೆ ಎಳೆದೆವು. ಕಮೋಡ್ ಇರುವ ಕಡೆ ಪ್ಲಾಸ್ಟಿಕ್ ಸ್ಟೂಲು, ಬೇಸಿನ್ ಇರುವ ಕಡೆ ಒಂದು ರಟ್ಟಿನ ಡಬ್ಬ. ಬಾಗಿಲಿಗೆ ಹಳೇ ಪಂಚೆ ಕಟ್ಟಿದೆವು. ಆಮೇಲೆ ಅಮ್ಮನಿಗೆ ಹಾಲಿನಿಂದ ನಡೆದು ಬಂದು ಕೂತು ಏಳಲು ಹೇಳಿದೆ. ಅಮ್ಮ ಕೋಲು ಬಾಗಿಲ ಹತ್ತಿರ ಒರಗಿಸಿ ಕೂತರು. ಏಳುವಾಗ ಎಡಗೈ ತಾನಾಗಿ ಗೋಡೆ ಕಡೆ ಚಾಚಿತು, ಗೋಡೆ ಸಿಗಲಿಲ್ಲ. ಸ್ಟೂಲನ್ನು ನಾಲ್ಕಿಂಚು ಎಡಕ್ಕೆ ಸರಿಸಿದೆವು. ಎರಡನೇ ಸಲ ಅಂಗೈ ಗೋಡೆಗೆ ತಾಗಿತು. ಕೈ ತೆಗೆಯಬೇಡ ಅಂತ ಹೇಳಿ, ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಸ್ಟೀಲ್ ಹಿಡಿ ಈಗ ಇರುವುದು ಸರಿಯಾಗಿ ಅಲ್ಲಿ.